ಮೇಲಿನ ಅಬ್ಬಿ

ಉಪ್ಪು, ಸುಣ್ಣ, ಹೊಗೆಸೊಪ್ಪು ಮೂರನ್ನೂ ಹಳೇ ಬಟ್ಟೆಯಲ್ಲಿ ಗಂಟು ಕಟ್ಟಿ, ಕೋಲಿನ ತುದಿಗೆ ಸಿಕ್ಕಿಸಿ, ನೀರಲ್ಲಿ ಅದ್ದಿದರೆ ಒಂದು ಘಾಟು ಏಳುತ್ತದೆ. ಜಿಗಣೆಗಳ ಪಾಲಿಗೆ ಅದು ಯಮನ ವಾಸನೆ. ನನ್ನ ಪಾಲಿಗೆ ನಮ್ಮ ಮನೆಯದು. ಹೋದ ತಿಂಗಳು ಅಬ್ಬಿಗೆ ಹೋಗುವ ದಾರಿಯ ಗೇಟಿನಲ್ಲಿ ಹೆಂಗಸೊಬ್ಬಳು ಅಂಥ ಕೋಲುಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ನಾನು ಒಂದನ್ನು ಮೂಗಿಗೆ ಹಿಡಿದು ನಿಂತೇಬಿಟ್ಟೆ. "ಸಾರ್, ಅದು ಕಾಲಿಗೆ" ಎಂದಳು, ಅನುಕಂಪದಿಂದ.

ಕೊಡ್ಲಿಪೇಟೆ ಕಡೆಯ ಆ ಮನೆ ಮಾರಿಹೋಗಿ ಈಗ ಹೋಂಸ್ಟೇ ಆಗಿದೆ. ನಮ್ಮ ಕಾಲದಲ್ಲಿ ಅದರ ಅಂಗಳಕ್ಕೆ ಕಣಿವೆಯಲ್ಲಿ ಧುಮ್ಮಿಕ್ಕುವ ಅಬ್ಬಿಯ ಮೊರೆತ ಬಂದು ಬೀಳುತ್ತಿತ್ತು. ಮದುವೆಯಾಗಿ ಬಂದ ದಿನವೇ ಅಜ್ಜಿ "ಅದೇನು ಸದ್ದು?" ಎಂದು ತನ್ನ ಅತ್ತೆಯನ್ನು ಕೇಳಿದ್ದಳಂತೆ. "ನೀರು. ಮಲಕ್ಕೋ" ಎಂದು ತೀರ್ಪಾಯಿತು. ದನ, ಗದ್ದೆ, ಬಾಣಂತನಗಳ ನಡುವೆ ಆ ಮೊಕದ್ದಮೆ ಮತ್ತೆ ವಿಚಾರಣೆಗೆ ಬಂದದ್ದು ಮೊಮ್ಮಕ್ಕಳು ಹುಟ್ಟಿದ ಮೇಲೆಯೇ. ಒಂದು ವರ್ಷ ಕಾಫಿ ಪಿಕಿಂಗ್ ಶುರುವಾಗುವ ಮೊದಲು ಅಜ್ಜಿ ಘೋಷಿಸಿದಳು: "ಇಷ್ಟು ವರ್ಷ ಬರೀ ಮಾತು ಕೇಳಿದೀನಿ. ಒಂದ್ಸಲ ಅದರ ಮುಖ ನೋಡ್ಬೇಕು."

ಹೊರಟೆವು. ಮುಂದೆ ಕೋಲು ಹಿಡಿದ ಚಿಕ್ಕಪ್ಪ, ಅವನ ಹಿಂದೆ ಅಜ್ಜಿ, ಕೊನೆಗೆ ರೊಟ್ಟಿ-ಎಣ್ಣೆಗಾಯಿಯ ಬುತ್ತಿ ಹೊತ್ತ ನಾನು ಮತ್ತು ತಂಗಿ. ಇಲ್ಲೊಂದು ಸಂವಿಧಾನ ಹೇಳಬೇಕು. ನಮ್ಮ ಮನೆಯಲ್ಲಿ ಅಜ್ಜಿಗಿಂತ ಮೊದಲು ಯಾರೂ ಬಾಯಿಗೆ ಏನೂ ಹಾಕುವಂತಿರಲಿಲ್ಲ. ಅಜ್ಜಿ ಲಿಂಗಪೂಜೆ ಮಾಡದೆ ಹನಿ ನೀರು ಮುಟ್ಟುತ್ತಿರಲಿಲ್ಲ. ಅವತ್ತಿನ ಪೂಜೆ ಅಬ್ಬಿಯ ಎದುರಿಗೇ ಎಂದು ಅವಳು ಸಂಕಲ್ಪ ಮಾಡಿದ್ದಳು. ಹೀಗಾಗಿ ನಾಲ್ಕು ಹೊಟ್ಟೆಗಳೂ ಒಂದು ನೀರಿಗೆ ಕಟ್ಟುಬಿದ್ದಿದ್ದವು. ಬೆನ್ನ ಮೇಲೆ ರೊಟ್ಟಿಯ ಬಿಸಿ, ಕಾಲಲ್ಲಿ ಜಿಗಣೆ. ಎರಡು ಹೆಜ್ಜೆಗೊಮ್ಮೆ ತಂಗಿ "ಬಂತಾ?" ಅನ್ನುವಳು. "ಇದೊಂದು ತಿರುವು ಕಣವ್ವ" ಎಂದು ಚಿಕ್ಕಪ್ಪ ಅಜ್ಜಿಗೆ ಹೇಳುವನು. ಅಜ್ಜಿ ಮಂಡಿ ಹಿಡಿದು ನಿಲ್ಲುವಳು, "ನೀನು ಹುಟ್ಟುವಾಗ್ಲೂ ಸೂಲಗಿತ್ತಿ ಹಿಂಗೇ ಹೇಳ್ತಿದ್ಲು" ಎಂದು ಮತ್ತೆ ನಡೆಯುವಳು.

ಕಣಿವೆಯಲ್ಲಿ ಅಬ್ಬಿಗಳು ಎರಡು. ಮನೆಗೆ ಕೇಳುವುದು ಮೇಲಿನದು. ಅಲ್ಲಿಗೆ ಇನ್ನೂ ಕಡಿದಾದ ಏರು ಬಾಕಿ. ಕೆಳಗಿನದು ಕಂಡದ್ದೇ ಚಿಕ್ಕಪ್ಪ ಕೋಲೂರಿ, "ಇದೇ ಅವ್ವ!" ಎಂದ. ಅವನ ಕಣ್ಣು ಬುತ್ತಿಯ ಮೇಲಿತ್ತು. ನಾವಿಬ್ಬರೂ ಅದೇ ಮುಖ್ಯ ಅಬ್ಬಿಯೆಂದು ಕುಣಿದೆವು. ಅಜ್ಜಿ ಕೈಕಾಲು ತೊಳೆದು, ಬಂಡೆಯ ಮೇಲೆ ಕೂತು, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಆಮೇಲೆ ಕಣ್ಣು ಮುಚ್ಚಿದವಳು ಬಹಳ ಹೊತ್ತು ತೆರೆಯಲೇ ಇಲ್ಲ. ನಮಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಕೊನೆಗೆ ಕಣ್ಣು ಬಿಟ್ಟು ಮಗನನ್ನು ನೋಡಿದಳು.

"ಇದಲ್ಲ ಕಣೋ. ನಮ್ಮದು ಎದೆಯಿಂದ ಮಾತಾಡ್ತದೆ. ಇದು ಬರೀ ಬಾಯಿ."

ಚಿಕ್ಕಪ್ಪ ಕೋಲಿನ ಗಂಟನ್ನು ಬಿಗಿ ಮಾಡತೊಡಗಿದ. ಅಜ್ಜಿ ಮೇಲಿನ ಏರನ್ನು ನೋಡಿದಳು, ನಮ್ಮ ಮುಖ ನೋಡಿದಳು. ಲಿಂಗಕ್ಕೆ ವಿಭೂತಿ ಹಚ್ಚಿ, ಹೂವಿಟ್ಟು, ಪೂಜೆ ಮುಗಿಸಿ ಕೈ ಚಾಚಿದಳು. "ಕೊಡು ರೊಟ್ಟಿ. ಮಕ್ಕಳು ಹಸಿದವೆ." ನಾವು ಬಕಬಕ ತಿಂದೆವು, ಅಲ್ಲಿಂದಲೇ ಮನೆಗೆ ತಿರುಗಿದೆವು. ಅಷ್ಟು ರುಚಿಯ ರೊಟ್ಟಿಯನ್ನು ಆಮೇಲೆ ತಿಂದಿಲ್ಲ.

ಮನೆ ಮಾರಿ ಕುಶಾಲನಗರಕ್ಕೆ ಬಂದ ಮೇಲೆ, ಸದ್ದಿಲ್ಲದ ಮನೆಯಲ್ಲಿ ನಿದ್ದೆ ಹತ್ತದು ಎಂದಳು ಅಜ್ಜಿ. ನೀರು ಪೋಲಾದರೆ ಊರಿಗೆಲ್ಲ ಉಪದೇಶ ಮಾಡುವ ಚಿಕ್ಕಪ್ಪ, ದಿನಾ ಮಲಗುವ ಮುನ್ನ ತಾನೇ ಹೋಗಿ ಬಚ್ಚಲ ನಲ್ಲಿಯನ್ನು ಸಣ್ಣಗೆ ತೆರೆದಿಟ್ಟು ಬರುತ್ತಿದ್ದ. ಅಜ್ಜಿ ಹೋದ ಮೇಲೂ ಕೆಲವು ದಿನ ತೆರೆದಿಟ್ಟ. ಈಗ ಅವನೂ ಇಲ್ಲ.

ಮೇಲಿನ ಅಬ್ಬಿಗೆ ಈಗ ಮೆಟ್ಟಿಲು, ಕಂಬಿ, ಎಚ್ಚರಿಕೆಯ ಫಲಕ ಎಲ್ಲ ಇವೆ. ಹೋದ ತಿಂಗಳು ಹತ್ತಿದೆ. ಎದೆಯಿಂದಲೇ ಮಾತಾಡುತ್ತದೆ, ನಿಜ. ಹಸಿವಾಗಿತ್ತು, ಬಂಡೆಯ ಮೇಲೆ ಕೂತು ರೊಟ್ಟಿಯ ಡಬ್ಬಿ ತೆರೆದೆ. ಮತ್ತೆ ಮುಚ್ಚಿದೆ. ಎದ್ದೆ, ಕೂತೆ, ಇನ್ನೊಮ್ಮೆ ತೆರೆದೆ. ಪಕ್ಕದಲ್ಲಿ ಫೋಟೊ ತೆಗೆಯುತ್ತಿದ್ದವರು, "ಯಾರಾದ್ರೂ ಬರೋರಿದಾರಾ ಅಂಕಲ್?" ಎಂದರು.

"ಹೂಂ" ಎಂದೆ, ಕೆಳಗಿನ ತಿರುವಿನ ಕಡೆ ನೋಡುತ್ತಾ. "ಅವರು ತಿನ್ನದೆ ನಾವು ತಿನ್ನೋ ಹಾಗಿಲ್ಲ."