ಇಳಿಸಿದ ಶ್ರುತಿ

ಮೇಲಿನ ಸ ಸಿಕ್ಕಿತು ಎಂದು ನಾನು ಮೊದಲು ಹೇಳಿದ್ದು ನನ್ನ ಗಂಡನಿಗೆ. ಭದ್ರಾವತಿಯಲ್ಲಿ ಸಂಗೀತದ ಪಾಠ ಮುಗಿಸಿ, ಶಿವಮೊಗ್ಗದಲ್ಲಿ ಬಸ್ಸಿಳಿದು, ವಿದ್ಯಾನಗರದ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಹೇಳಿದೆ.

"ಎಲ್ಲಿ, ಹಾಡು ನೋಡೋಣ" ಎಂದರು.

"ಇಲ್ಲಿ ಬರಲ್ಲ. ಮಿಸ್ ಎದುರಿಗೆ ಕೂತ್ರೆ ಮಾತ್ರ ಬರುತ್ತೆ."

"ಹಾಗಾದ್ರೆ ಅವರನ್ನೇ ಅಡುಗೆಮನೆಗೆ ಕರ್ಕೊಂಡು ಬಾ ಮಾರಾಯ್ತಿ. ನಾನೂ ಕೇಳ್ತೀನಿ."

ಇಬ್ಬರೂ ನಕ್ಕೆವು. ಅವರು ನಕ್ಕಿದ್ದು ತಮಾಷೆಗೆ, ನಾನು ನಕ್ಕಿದ್ದು ಹೆಮ್ಮೆಗೆ. ಮನೆಯಲ್ಲಿ ಬಾರದ ಸ್ವರ ಗುರುವಿನ ಎದುರು ಬರುತ್ತದೆ ಎಂಬುದು ನನಗೆ ದೊಡ್ಡ ವಿಷಯವಾಗಿ ಕಂಡಿತ್ತು. ಸ್ಟಾಫ್ ರೂಮಿನಲ್ಲೂ ಹೇಳಿಕೊಂಡೆ.

ನಾನು ಸವಳಂಗ ರಸ್ತೆಯ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಅಪ್ಪ ಅಲ್ಲಿ ಕಾರ್ಖಾನೆಯಲ್ಲಿದ್ದರು. ನಮ್ಮ ಕ್ವಾರ್ಟರ್ಸಿನ ಹಿಂದಿನ ಸಾಲಿನಲ್ಲೇ ಮಿಸ್ ಮನೆ. ತಮಿಳು ಮನೆಮಾತಿನವರು, ಕನ್ನಡವನ್ನು ಅವರದೇ ಒಂದು ಎಳೆತದಲ್ಲಿ ಆಡುವವರು. ಹೈಸ್ಕೂಲು ಮುಗಿಯುವವರೆಗೆ ಅವರ ಹತ್ತಿರ ಹಾಡು ಕಲಿತೆ. ಕಾಲೇಜು ಸೇರಿದ ಮೇಲೆ ಬಿಟ್ಟುಹೋಯಿತು. ಬಿಡಿಸಿದವರು ಯಾರೂ ಇಲ್ಲ, ತಾನಾಗಿ ಬಿಟ್ಟುಹೋಯಿತು. ಮಗಳು ಓದಲು ಮೈಸೂರಿಗೆ ಹೋದ ವರ್ಷ, ಶನಿವಾರದ ಮಧ್ಯಾಹ್ನಗಳು ಖಾಲಿಯಾದಾಗ, ಮಿಸ್‌ಗೆ ಫೋನ್ ಮಾಡಿದೆ.

"ಬಾಮ್ಮಾ" ಎಂದರು. ಅಷ್ಟೇ. ಇಷ್ಟು ವರ್ಷ ಎಲ್ಲಿದ್ದೆ ಎಂದು ಕೇಳಲಿಲ್ಲ.

ದೊಡ್ಡವರಿಗೆ ಅಂತ ಬೇರೆ ಕ್ಲಾಸು ಇರಲಿಲ್ಲ. ಸಂಗೀತದ ಜೂನಿಯರ್ ಪರೀಕ್ಷೆಗೆ ತಯಾರಾಗುತ್ತಿದ್ದ ನಾಲ್ಕು ಮಕ್ಕಳ ಜೊತೆ ನನ್ನನ್ನೂ ಕೂರಿಸಿದರು. ಅವರು ಮುಂದೆ ಚಾಪೆಯ ಮೇಲೆ. ನಾನು ಮಂಡಿನೋವಿನ ನೆಪ ಹೇಳಿ ಹಿಂದೆ ಗೋಡೆಗೆ ಒರಗಿ. ನೆಪ ಎಂದೆ, ನೋವೂ ಇತ್ತು. ಆದರೆ ಮಕ್ಕಳ ಸಾಲಿನಲ್ಲಿ ಕೂರಲು ನಾಚಿಕೆಯಾಗಿದ್ದು ಅದಕ್ಕಿಂತ ಹೆಚ್ಚು.

ಶ್ರುತಿಯ ವಿಷಯ ಸ್ವಲ್ಪ ಹೇಳಬೇಕು. ಹಾಡುವವರು ತಮ್ಮ ಗಂಟಲಿಗೆ ಹೊಂದುವ ಶ್ರುತಿ ಇಟ್ಟುಕೊಳ್ಳುತ್ತಾರೆ. ಹಾರ್ಮೋನಿಯಂನ ಒಂದೊಂದು ಕೀಲಿಗೆ ಒಂದೊಂದು ಮನೆ ಎನ್ನುತ್ತೇವೆ; ಮನೆಯ ಸಂಖ್ಯೆ ಇಳಿದಂತೆ ದನಿಯೂ ಇಳಿಯುತ್ತದೆ. ಮಿಸ್ ಮಕ್ಕಳಿಗೆಲ್ಲ ಐದನೇ ಮನೆಯಲ್ಲೇ ಪಾಠ ಮಾಡುವುದು. ನಾನು ಚಿಕ್ಕವಳಿದ್ದಾಗ ಹಾಡಿದ್ದೂ ಐದನೇ ಮನೆಯಲ್ಲೇ. ಆದ್ದರಿಂದ ಈಗಲೂ ನನ್ನದು ಅದೇ ಎಂದುಕೊಂಡು ಫೋನಿಗೆ ತಂಬೂರಿಯ ಆ್ಯಪ್ ಹಾಕಿಸಿ, ಐದಕ್ಕೆ ಇಟ್ಟು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ತರಗತಿಯಲ್ಲಿ ವರ್ಷಾನುಗಟ್ಟಲೆ ಕೂಗಿದ ಗಂಟಲು. ವಯಸ್ಸೂ ಆಗಿತ್ತು. ನಿ ದಾಟಿ ಮೇಲಿನ ಸ ಮುಟ್ಟುವಷ್ಟರಲ್ಲಿ ದನಿ ಒಡೆಯುತ್ತಿತ್ತು. ಮೊದಲ ಕೆಲವು ವಾರ ಕ್ಲಾಸಿನಲ್ಲೂ ಹಾಗೇ ಆಯಿತು. ಆಮೇಲೆ, ನಿಧಾನವಾಗಿ, ಅಲ್ಲಿ ಮಾತ್ರ ಸರಿಹೋಗುತ್ತಾ ಬಂತು.

ಮಕ್ಕಳಲ್ಲಿ ಮಿಸ್ ಎದುರು ಮನೆಯ ಒಬ್ಬ ಹುಡುಗಿ ಚೆನ್ನಾಗಿ ಹಾಡುತ್ತಿದ್ದಳು. ಏಳನೇ ಕ್ಲಾಸು, ಎರಡು ಜಡೆ, ತಾಳ ಹಾಕುವಾಗ ತುಟಿ ಕಚ್ಚಿಕೊಳ್ಳುವ ಅಭ್ಯಾಸ. ಪರೀಕ್ಷೆ ಹತ್ತಿರವಾದಂತೆ ಅವಳ ಕೆಳಗಿನ ಸ್ವರಗಳು ಕೇಳಿಸದಾದವು. ಪರೀಕ್ಷೆಗೆ ಕಲಿಯುತ್ತಿದ್ದ ವರ್ಣದ ಹಾಡಿನಲ್ಲಿ ಕೆಳಗಿನ ಪ ಸ್ವರಕ್ಕೆ ಇಳಿಯುವ ಕಡೆ ಬಾಯಿ ಆಡುತ್ತಿತ್ತು, ಬರೀ ಗಾಳಿ ಬರುತ್ತಿತ್ತು. ನನಗೆ ಹೇಳಿಕೊಡುವ ಚಟ. ಒಂದು ದಿನ ಹಿಂದಿನಿಂದಲೇ ಹೇಳಿದೆ:

"ಪುಟ್ಟಾ, ಕೆಳಗಿನ ಪ ಕೇಳ್ತಾನೇ ಇಲ್ಲ. ಹೊಟ್ಟೆಯಿಂದ ತೆಗಿ. ಮನೇಲಿ ಪ್ರಾಕ್ಟೀಸ್ ಮಾಡ್ತೀಯೋ ಇಲ್ವೋ?"

ಅವಳು ತಿರುಗಿ ನೋಡಿದಳು. ನಂತರ ಮಿಸ್ ಮುಖ ನೋಡಿದಳು. "ಮಾಡ್ತೀನಿ ಆಂಟಿ" ಎಂದಳು. ಉಳಿದ ಮೂವರೂ ಚಾಪೆಯ ಅಂಚನ್ನು ನೋಡುತ್ತಿದ್ದರು. ನಾನು ಅದನ್ನು ಬೈಸಿಕೊಂಡ ಮಕ್ಕಳ ಸಂಕೋಚ ಎಂದು ತಿಳಿದೆ. ಇಷ್ಟು ವರ್ಷ ಮಕ್ಕಳ ಮುಖ ನೋಡಿಕೊಂಡೇ ಸಂಬಳ ತೆಗೆದುಕೊಂಡವಳು ನಾನು.

ಮುಂದಿನ ಶನಿವಾರ ಆ ಹುಡುಗಿಯ ತಾಯಿ ಕ್ಲಾಸು ನಡೆಯುತ್ತಿರುವಾಗಲೇ ಬಂದರು. ಕೈ ಒದ್ದೆ ಇತ್ತು, ಸೆರಗಿಗೆ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತರು.

"ಮಿಸ್, ತಪ್ಪು ತಿಳ್ಕೋಬೇಡಿ. ಮನೇಲಿ ಇವಳು ಐದರಲ್ಲಿ ಹಾಡಿದ್ರೆ ಗಂಟೆ ಹೊಡೆದ ಹಾಗೆ ಇರುತ್ತೆ. ಇಲ್ಲಿ ಹಾಡೋದು ನಮ್ಮನೆ ತನಕ ಕೇಳುತ್ತಲ್ಲ, ಕೆಳಗೆ ಗಂಟಲೇ ಇಲ್ಲ. ಮೂರಕ್ಕೆ ಯಾಕೆ ಇಳಿಸಿದೀರಿ? ಪರೀಕ್ಷೇಲಿ ಇದೇ ಅಭ್ಯಾಸ ಆಗಿಬಿಟ್ರೆ ಏನು ಮಾಡ್ಲಿ?"

ಶ್ರುತಿಪೆಟ್ಟಿಗೆ ಮಿಸ್ ಅವರ ಬಲಗಡೆ ಇತ್ತು. ಅದರ ಮೇಲೆ, ಮನೆಯ ಸಂಖ್ಯೆಯೂ ಕಾಣದ ಹಾಗೆ, ಒಂದು ಕೈವಸ್ತ್ರ ಮುಚ್ಚಿತ್ತು. ಧೂಳಿಗೆ ಮುಚ್ಚಿದ್ದಾರೆ ಎಂದೇ ಎಲ್ಲ ಶನಿವಾರವೂ ಅಂದುಕೊಂಡಿದ್ದೆ. ಮಿಸ್ ಆ ವಸ್ತ್ರದ ತುದಿಯನ್ನು ಸರಿಮಾಡಿದರು.

"ಕೆಳಗಿನ ಸ್ವರಾನೂ ಗಟ್ಟಿ ಆಗ್ಲಿ ಅಂತ ಇಳಿಸಿದೆ. ಮುಂದಿನ ವಾರ ಏರಿಸ್ತೀನಿ."

ಅವರು ನನ್ನ ಕಡೆ ನೋಡಲಿಲ್ಲ. ಮಕ್ಕಳೂ ನೋಡಲಿಲ್ಲ. ನಾಲ್ಕು ಮಕ್ಕಳು ಕೂತಿರುವ ಕೋಣೆಯಲ್ಲಿ ಒಬ್ಬರೂ ತಿರುಗಲಿಲ್ಲ. ಇಳಿಸಿದ್ದು ಯಾರಿಗಾಗಿ ಎಂದು ನನಗೆ ಗೊತ್ತಾಗಿದ್ದು ಅದರಿಂದಲೇ. ಐದರಿಂದ ಮೂರಕ್ಕೆ ಇಳಿದದ್ದು ಸಂಗೀತ ಕಲಿತ ಯಾವ ಕಿವಿಗಾದರೂ ತಿಳಿಯಬೇಕಿತ್ತು. ನನ್ನ ಕಿವಿಗೆ ತಿಳಿದಿರಲಿಲ್ಲ. ಆ ತಾಯಿ ಹೋದರು. ಪಾಠ ಮುಂದುವರಿಯಿತು. ನಾನು ಹಾಡಿದೆ ಕೂಡ. ಮೇಲಿನ ಸ ಬಂತು, ಸಲೀಸಾಗಿ ಬಂತು. ಅದು ಬರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಮಕ್ಕಳು ಎದ್ದು ಹೋದ ಮೇಲೆ ಕೇಳಿದೆ.

"ನನಗೋಸ್ಕರ ಇಳಿಸಿದ್ರಾ ಮಿಸ್?"

"ಅರ್ಧ ಅರ್ಧ ಮನೆ ಇಳಿಸ್ಕೊಂಡು ಬಂದೆ. ನಿನ್ನ ಗಂಟಲು ಈಗ ಮೂರು. ಅದ್ರಲ್ಲಿ ಅಳೋದಕ್ಕೆ ಏನಿದೆ?" ನಾನು ಅಳುತ್ತಿರಲಿಲ್ಲ. ಅಳುತ್ತೇನೆ ಎಂದು ಅವರಿಗೆ ಅನ್ನಿಸಿತ್ತು.

"ನನಗೆ ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀನು ಬರ್ತಿದ್ಯಾ?"

ಬರುತ್ತಿರಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಚಿಕ್ಕಂದಿನ ಶ್ರುತಿಯಲ್ಲಿ ಹಾಡಲು ಆಗುವುದಿಲ್ಲ ಎಂದು ಮೊದಲ ತಿಂಗಳೇ ಯಾರಾದರೂ ಹೇಳಿದ್ದರೆ, ಶಾಲೆಯಲ್ಲಿ ಕೆಲಸ ಜಾಸ್ತಿ ಎಂದು ಒಂದು ಮೆಸೇಜ್ ಹಾಕಿ ಸುಮ್ಮನಾಗುತ್ತಿದ್ದೆ.

ಗೇಟಿನ ಹತ್ತಿರ ಆ ಹುಡುಗಿ ಚಪ್ಪಲಿಯ ಪಟ್ಟಿ ಸರಿಮಾಡುತ್ತಾ ನಿಂತಿದ್ದಳು.

"ನಿಂಗೆ ಗೊತ್ತಿತ್ತಾ ಪುಟ್ಟಾ?"

"ಎಲ್ಲರಿಗೂ ಗೊತ್ತಿತ್ತು ಆಂಟಿ. ಮಿಸ್ ಹೇಳ್ಬೇಡಿ ಅಂದಿದ್ರು." ಸ್ವಲ್ಪ ತಡೆದು ಸೇರಿಸಿದಳು: "ನಮಗೇನೂ ಬೇಜಾರಿಲ್ಲ ಆಂಟಿ. ನಿಮಗೆ ವಯಸ್ಸಾಗಿದೆ ಅಲ್ವಾ."

ನಾನು ಅವಳ ಕೆಳಗಿನ ಪ ಕೇಳುತ್ತಿಲ್ಲ ಎಂದು ಗದರಿಸಿದ್ದೆ. ಅದಕ್ಕೆ ಅವಳು ಆಡಬಹುದಾಗಿದ್ದ ಒಂದು ಮಾತಿತ್ತು. ಆಡಿರಲಿಲ್ಲ.

ರಸ್ತೆ ದಾಟಿ ಅವಳ ಮನೆಗೆ ಹೋದೆ. ಅವಳ ತಾಯಿಗೆ, ಶ್ರುತಿ ಇಳಿಸಿದ್ದು ನನ್ನ ಸಲುವಾಗಿ, ಮಿಸ್ ತಪ್ಪಲ್ಲ ಎಂದೆ. ಅವರು ಕೋಪ ಮಾಡಿಕೊಳ್ಳಲಿ ಎಂದೇ ಹೋಗಿದ್ದೆನೇನೋ. ಅವರು ಕುರ್ಚಿ ಎಳೆದು, "ಅಯ್ಯೋ ಕೂತ್ಕೊಳ್ಳಿ, ಈ ವಯಸ್ಸಲ್ಲಿ ಅಷ್ಟು ದೂರದಿಂದ ಬಂದು ಕಲೀತಿರೋದೇ ದೊಡ್ಡದು" ಎಂದು ಕಾಫಿ ಕೊಟ್ಟರು. ಪೂರ್ತಿ ಕುಡಿದೆ. ಬಸ್ಸಿನಲ್ಲಿ ಶಿವಮೊಗ್ಗ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದೆ. ಗಂಡನಿಗೆ ಏನೂ ಹೇಳಲಿಲ್ಲ.

ವಾರದ ಮಧ್ಯೆ ಮಿಸ್‌ಗೆ ಫೋನ್ ಮಾಡಿ, ಬೇರೆ ಹೊತ್ತಿನಲ್ಲಿ ಒಬ್ಬಳೇ ಬರಲಾ ಎಂದು ಕೇಳಿದೆ.

"ಬೇರೆ ಹೊತ್ತು ಇಲ್ಲಮ್ಮಾ. ಮಕ್ಕಳ ಜೊತೆಗೇ ಬಾ. ಅವರದು ಮುಗಿದ ಮೇಲೆ ನಿನ್ನ ಶ್ರುತಿ ಇಡ್ತೀನಿ, ಅವರ ಎದುರಿಗೇ ಹಾಡು. ಬರೋದಾದ್ರೆ ಹಾಗೆ ಬಾ."

ಶನಿವಾರ ಬೆಳಿಗ್ಗೆಯಿಂದ ಹೋಗದಿರಲು ಕಾರಣ ಹುಡುಕಿದೆ. ಎರಡು ಮೂರು ಒಳ್ಳೆಯ ಕಾರಣಗಳೇ ಸಿಕ್ಕವು. ಆದರೂ ಬಸ್ಸು ಹತ್ತಿದೆ.

ಶ್ರುತಿ ಐದಕ್ಕೆ ಏರಿತ್ತು. ಆ ಹುಡುಗಿ ವರ್ಣ ಹಾಡಿದಳು. ಕೆಳಗಿನ ಪ ತುಂಬಿಕೊಂಡು ಬಂತು, ಮೇಲಿನ ಸ ನೇರವಾಗಿ ಹೋಗಿ ನಿಂತಿತು. ಇಷ್ಟು ವಾರ ಈ ದನಿಯನ್ನು ಹಿಡಿದಿಟ್ಟದ್ದು ನನ್ನ ಗಂಟಲು. ನಾನು ತೊಡೆಯ ಮೇಲೆ ತಾಳ ಹಾಕುತ್ತಾ ಬಾಯಿ ಮುಚ್ಚಿಕೊಂಡು ಕೂತೆ.

ಮಿಸ್ ಎಲ್ಲರ ಕಣ್ಣೆದುರೇ ಗುಂಡಿ ತಿರುಗಿಸಿ ಮೂರಕ್ಕೆ ತಂದರು. "ಮುಂದೆ ಬಾ" ಎಂದರು. ಮಕ್ಕಳು ಜರುಗಿ ಜಾಗ ಕೊಟ್ಟರು. ನೆಲ ನೋಡಿಕೊಂಡು ಹಾಡಿದೆ. ಮುಗಿದ ಮೇಲೆ ಮಕ್ಕಳು ಒಟ್ಟಿಗೆ, "ಸೂಪರ್ ಆಂಟಿ" ಎಂದರು. ಹೇಳಿಕೊಟ್ಟ ಮಾತಿನ ಹಾಗೆ ಒಂದೇ ಸಲ.

"ಸೂಪರ್ ಬೇಡ. ನಿಜ ಹೇಳಿ" ಎಂದೆ.

ಆ ಹುಡುಗಿ ಮಿಸ್ ಕಡೆ ನೋಡಿದಳು. ಮಿಸ್ ತಲೆಯಾಡಿಸಿದರು.

"ಎರಡನೇ ಸಾಲಲ್ಲಿ ತಾಳ ಬಿಟ್ರಿ ಆಂಟಿ."

ಎರಡನೇ ಸಾಲನ್ನು ಮತ್ತೆ ಹಾಡಿದೆ. ಅದೇ ಜಾಗದಲ್ಲಿ ಮತ್ತೆ ಬಿಟ್ಟೆ.

"ಇಲ್ಲೇ," ಎಂದು ಅವಳು ಹತ್ತಿರ ಬಂದು ಕೂತಳು. "ಇನ್ನೊಂದ್ಸಲ."