ನಮ್ಮೂರ ಹೆಂಡ

ಯಲ್ಲಾಪುರದ ಪೇಟೆಯಲ್ಲಿ ಪಾವ್ ಬ್ರೆಡ್ಡು ಸುಡುವ ಬಟ್ಟಿ ಇಟ್ಟಿದ್ದವನು ಗೋವೆಯವನು. ಪೋರ್ತುಗೀಜ್ ಪೊಲೀಸರ ಕಣ್ತಪ್ಪಿಸಿ, ಕಾಗದಪತ್ರ ಒಂದೂ ಇಲ್ಲದೆ, ಕಾಡು ದಾಟಿ ಬ್ರಿಟಿಷರ ಸೀಮೆಗೆ ಬಂದಿದ್ದ. ಹೆಂಡ ಹಾಕಿ ಹಿಟ್ಟು ನಾದುವಾಗೆಲ್ಲ, "ನಮ್ಮೂರ ಹೆಂಡಕ್ಕೆ ಹಿಟ್ಟು ಚಲೋ ಉಬ್ತದೆ" ಎನ್ನುತ್ತಿದ್ದ. ಅವನ ಬಾಯಲ್ಲಿ ನಮ್ಮೂರೆಂದರೆ ಯಲ್ಲಾಪುರ.

ಬಟ್ಟಿಯೆದುರೇ ಅವನ ವಿಷಯ ಜಗಳ ನಡೆಯುತ್ತಿತ್ತು. "ಇವನ್ನ ಇಟ್ಕಂಡ್ರೆ ನಾಳೆ ಹತ್ತು ಮಂದಿ ಬರ್ತಾರೆ," ಎನ್ನುತ್ತಿದ್ದರು ಕಿರಾಣಿಯವರು. "ಹೊಟ್ಟೆಪಾಡಿಗೆ ಬಂದವ, ಇರ್ಲಿ ಬಿಡ್ರಿ," ಎನ್ನುತ್ತಿದ್ದರು ಗಾಡಿ ಹೊಡೆಯುವ ಸಾಹೇಬರು. ನಾನು ಸಾಹೇಬರ ಕಡೆ.

ಒಂದು ಬೆಳಿಗ್ಗೆ ಪೊಲೀಸರು ಬಂದಾಗ ಎರಡೂ ಕಡೆಯವರು ಬಾಯಿ ಮುಚ್ಚಿಕೊಂಡು ನಿಂತೆವು. ಕೈಗಂಟಿದ ಹಿಟ್ಟು ತೊಳೆಯಲೂ ಬಿಡದೆ ಅವನನ್ನು ಬೀದಿಗೆಳೆದ ಹವಾಲ್ದಾರ, "ನಡಿ, ನಿಮ್ಮೂರಿಗೆ" ಎಂದ.

ಅವನು ತಿರುಗಿ ಬಟ್ಟಿಯ ಕಡೆಗೆ ನಡೆದ.