ವ್ಯಾಸು ನೋಡುವುದಿಲ್ಲ

ಸಿಸಿಟೀವಿ ರಿಪೇರಿ ಮುಗಿಸಿ ಸ್ವಿಚ್ ಹಾಕಿದ ಕೂಡಲೇ ವ್ಯಾಸು ಪರದೆಗೆ ಬೆನ್ನು ತಿರುಗಿಸಿ ಕೂತುಬಿಡುತ್ತಿದ್ದರು. ಹಿಂದೆ ಟೀವಿಯಲ್ಲಿ ಕ್ಯಾಮೆರಾಗಳ ಚಿತ್ರ ಒಂದೊಂದಾಗಿ ಮೂಡುತ್ತಿದ್ದರೆ ಇವರು ಎದುರಿನ ಗೋಡೆ ನೋಡುತ್ತ, "ಬರ್ತಾ? ಗೇಟು ಬರ್ತಾ? ಲಿಫ್ಟು ಬರ್ತಾ?" ಎಂದು ನಮ್ಮನ್ನೇ ಕೇಳುತ್ತಿದ್ದರು. ಬಂತು ಎಂದರೆ ತಲೆಯಾಡಿಸಿ, ಸ್ಕ್ರೂಡ್ರೈವರ್ ಒರೆಸಿ ಚೀಲಕ್ಕೆ ಹಾಕುವರು. ಮೊದಲ ಸಲ ಇದನ್ನು ಕಂಡಾಗ ಪಾಪ, ಕಣ್ಣಿನ ತೊಂದರೆ ಇರಬೇಕು ಅಂದುಕೊಂಡೆ. ಮನಸ್ಸಿನಲ್ಲಿ ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ, ಕೇಳಿಯೇಬಿಟ್ಟೆ.

"ಕಣ್ಣು ಚೆನ್ನಾಗಿದೆ ಮೇಡಂ. ನಿಮ್ಮ ಮನೆಗೆ ಯಾರು ಬರ್ತಾರೆ, ಯಾರು ಹೋಗ್ತಾರೆ, ಅದೆಲ್ಲ ನಂಗೆ ಎದುಕ್ಕು? ಪೆಟ್ಟಿಗೆ ನೋಡೋದುದಾನ್ ನಮ್ಮ ಕೆಲಸ. ಪಿಕ್ಚರ್ ನೋಡೋದಲ್ಲ" ಎಂದು ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು.

ಬ್ಯಾಂಕಿನವರು ನನ್ನನ್ನು ಮೈಸೂರಿನಿಂದ ಚೆನ್ನೈಗೆ ವರ್ಗ ಮಾಡಿದ ಹೊಸದು. ಕ್ರೋಂಪೇಟೆಯಲ್ಲಿ, ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ ಒಂದು ಫ್ಲಾಟ್ ಕೊಂಡಿದ್ದೆ. ಇಡೀ ಕಟ್ಟಡದಲ್ಲಿ ಕನ್ನಡ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಅಂಥ ಹೊತ್ತಿನಲ್ಲಿ, ಮೆಟ್ಟಿಲ ಕೆಳಗಿನ ಸಂಘದ ಕೋಣೆಯಿಂದ "ಅಯ್ಯೋ ರಾಯರೇ, ಈ ಸ್ಕ್ರೂ ಎಲ್ಲಿ ಪೋಚು" ಎಂಬ ಗೊಣಗಾಟ ಕೇಳಿದರೆ ನಿಲ್ಲದೆ ಇರಲಾಗುತ್ತದೆಯೇ? ಬಗ್ಗಿ ನೋಡಿದರೆ ಹಣೆಯಲ್ಲಿ ಅಂಗಾರ ಅಕ್ಷತೆ ಇಟ್ಟುಕೊಂಡ, ಐವತ್ತು ದಾಟಿದ, ಸಣಕಲು ಮನುಷ್ಯ ನೆಲದ ಮೇಲೆ ಕೂತು ನಮ್ಮ ಕ್ಯಾಮೆರಾಗಳ ರೆಕಾರ್ಡರ್ ಬಿಚ್ಚುತ್ತಿದ್ದರು. ಅವರ ತಾತನ ಕಾಲದಲ್ಲೇ ಮದರಾಸಿನ ಮಾಂಬಲಕ್ಕೆ ಬಂದು ಸೇರಿದ ಮನೆತನ. ನನ್ನ ಕನ್ನಡ ಕೇಳಿ ನಕ್ಕರು. "ನಿಮ್ಮದು ಪುಸ್ತಕದ ಕನ್ನಡ ಮೇಡಂ, ನಮ್ಮದು ಮಾಂಬಲದ ಕನ್ನಡ. ತಪ್ಪಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರು.

ಅವರು ಕೆಲಸ ಮಾಡುವುದನ್ನು ನೋಡುವುದೇ ಒಂದು ಚೆಂದ. ಹಳೆಯ ಪಂಚೆಯ ತುಂಡು ಹಾಸಿ, ಬಿಚ್ಚಿದ ಸ್ಕ್ರೂಗಳನ್ನು ಅದರ ಅಂಚಿನಲ್ಲಿ ಸಾಲಾಗಿ ಇಡುವರು. ಒಳಗಿನ ಬೋರ್ಡು ಮುಟ್ಟುವ ಮೊದಲು ಕಿಟಕಿಯ ಸರಳು ಮುಟ್ಟಿ, "ಮೈಯಲ್ಲಿರೋ ಕರೆಂಟು ಮೊದಲು ಇಳೀಲಿ" ಎನ್ನುವರು. ಆ ದಿನ ಪೆಟ್ಟಿಗೆ ಕಿರಿಕಿರಿ ಸದ್ದು ಮಾಡುತ್ತಿದ್ದುದಕ್ಕೆ ಕಾರಣ, ಫ್ಯಾನಿನ ರೆಕ್ಕೆಗೆ ಸಿಕ್ಕಿ ಒಣಗಿಹೋಗಿದ್ದ ಒಂದು ಹಲ್ಲಿ. ಅದನ್ನು ಇಕ್ಕಳದಲ್ಲಿ ಎತ್ತಿ, "ಪಾವಂ. ಊರೆಲ್ಲ ಬೆಂಕಿ ಥರ ಕಾಯ್ತಾ ಇದೆ, ಇವನಿಗೆ ಇನ್ನೂ ಬೆಚ್ಚಗಿರೋ ಜಾಗ ಬೇಕಾಯ್ತಾ" ಎಂದು ಮರುಕಪಟ್ಟು, ಹೊಸ ಫ್ಯಾನು ಕೂರಿಸಿದರು.

ಹಾರ್ಡ್ ಡಿಸ್ಕ್ ತೆಗೆಯುವಾಗ ಮಾತ್ರ ಹರಟೆ ನಿಲ್ಲುತ್ತಿತ್ತು. ಕ್ಯಾಮೆರಾ ಕಂಡದ್ದೆಲ್ಲ ಉಳಿಯುವುದು ಅದರಲ್ಲೇ. ಮೊದಲು ಪೆಟ್ಟಿಗೆಗೆ ಕಿವಿಯಿಟ್ಟು ಕೇಳುವರು. ಕೆಡುವ ಡಿಸ್ಕು ಒಳಗೇ ಟಿಕ್ ಟಿಕ್ ಎನ್ನುತ್ತದಂತೆ. ಆಮೇಲೆ ವೈರುಗಳನ್ನು ಕಳಚಿ, ಪೆಟ್ಟಿಗೆ ಮಗುಚಿ, ತಳದ ಸ್ಕ್ರೂ ಬಿಚ್ಚಿ ಡಿಸ್ಕನ್ನು ಎರಡೂ ಕೈಯಲ್ಲಿ ಎತ್ತುವರು. ಹೊಸದನ್ನು ಕೂರಿಸಿದ ಮೇಲೆ ಹಳೆಯದನ್ನು ಪೇಪರಿನಲ್ಲಿ ಸುತ್ತಿ ಮನೆಯವರ ಕೈಗೇ ಕೊಡಬೇಕು. "ಬಿಚ್ಚಿದ್ದು ನಿಮ್ಮದು, ಹಾಕಿದ್ದು ನನ್ನದು" ಎಂಬುದು ಅವರ ಮಾತು. ತೆಗೆದ ಭಾಗದ ಮೇಲೆ ತನಗೆ ಹಕ್ಕಿಲ್ಲ, ಹಾಕಿದ ಭಾಗ ಕೆಟ್ಟರೆ ತಾನೇ ಹೊಣೆ ಎಂದು ಅದರ ಅರ್ಥ.

ಪಕ್ಕದ ಬೀದಿಯ ಒಬ್ಬ ಗಂಡಸು ಒಮ್ಮೆ ಇವರನ್ನು ಕರೆಸಿ, ತಾನು ಡ್ಯೂಟಿಗೆ ಹೋದಾಗ ಹೆಂಡತಿಯನ್ನು ನೋಡಲು ಯಾರು ಬರುತ್ತಾರೆಂದು ಹಳೆಯ ರೆಕಾರ್ಡಿಂಗಿನಲ್ಲಿ ಹುಡುಕಿಕೊಡಿ ಎಂದನಂತೆ. ವ್ಯಾಸು ಬಿಚ್ಚಿದ್ದ ಪೆಟ್ಟಿಗೆಯನ್ನು ಹಾಗೇ ಮುಚ್ಚಿ, ಚೀಲ ಹೆಗಲಿಗೇರಿಸಿ ಎದ್ದು ಬಂದರು. ಇದನ್ನು ನನಗೆ ಹೇಳಿದವಳು ಆ ಹೆಂಡತಿಯೇ, ತರಕಾರಿ ಅಂಗಡಿಯಲ್ಲಿ. ನನಗೊಬ್ಬಳಿಗೇ ಹೇಳಿರಲಿಲ್ಲ. "ವ್ಯಾಸು ನೋಡುವುದಿಲ್ಲ" ಎಂಬ ಮಾತು ಕ್ರೋಂಪೇಟೆಯ ಅಪಾರ್ಟ್‌ಮೆಂಟುಗಳಲ್ಲೆಲ್ಲ ಹರಡಿತು. ವಯಸ್ಸಿಗೆ ಬಂದ ಹೆಣ್ಣುಮಕ್ಕಳಿರುವ ಮನೆಯವರು, ಒಂಟಿ ಹೆಂಗಸರು, ಸಣ್ಣ ಹಾಸ್ಟೆಲುಗಳವರು ಅವರನ್ನೇ ಕರೆಯುತ್ತಿದ್ದರು. ಅವರ ಸಂಸಾರ ನಡೆಯುತ್ತಿದ್ದದ್ದು ಈ ಒಂದು ಹೆಸರಿನ ಮೇಲೆ.

ರಾಯರ ಆರಾಧನೆಗೆ ನನ್ನನ್ನು ಮನೆಗೆ ಕರೆದಿದ್ದರು. ಹೆಂಡತಿ ಸುಧಾ ಎಲೆ ಹಾಕಿ ಬಡಿಸಿದರು. ಇಬ್ಬರು ಹೆಣ್ಣುಮಕ್ಕಳು, ಕಾಲೇಜು ಓದುವವರು. ಅಪ್ಪ ಕನ್ನಡದಲ್ಲಿ ಕೇಳಿದರೆ ಅವರು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದರು, ಯಾರಿಗೂ ಅದು ವಿಚಿತ್ರವೆನಿಸುತ್ತಿರಲಿಲ್ಲ. ನನಗೆ ಈ ಊರಿನಲ್ಲಿ ಒಂದು ಮನೆ ಸಿಕ್ಕಿತು ಅನ್ನಿಸಿತ್ತು. ಅದಕ್ಕೇ ಮುಂದೆ ನಡೆದದ್ದನ್ನು ಬರೆಯಲು ಕೈ ಏಳುವುದಿಲ್ಲ.

ನಮ್ಮ ಕಟ್ಟಡದ ಕಾವಲುಗಾರ ಮುರುಗೇಶನ್, ಮೆದು ಮಾತಿನ ಮನುಷ್ಯ. ಹೆಂಡತಿ ಸೆಲ್ವಿ, ಶಾಲೆಗೆ ಹೋಗುವ ಒಬ್ಬಳು ಮಗಳು. ಗೇಟಿನ ಪಕ್ಕದ ಒಂದೇ ಕೋಣೆಯಲ್ಲಿ ಮೂವರ ವಾಸ. ಬೇಸಿಗೆಯಲ್ಲಿ ನೀರಿನ ಸಂಪು ತಳ ಕಂಡು, ಒಳಗಿನ ಮೋಟರಿಗೆ ಕೆಸರು ಕಟ್ಟಿ ನಿಂತುಹೋಗಿತ್ತು. ಒಂದು ಮಧ್ಯಾಹ್ನ ಎಲ್ಲರೂ ಕೆಲಸಕ್ಕೆ ಹೋಗಿದ್ದಾಗ ಮುರುಗೇಶನ್ ಸಂಪಿಗೆ ಇಳಿದ. ಮುಚ್ಚಿಯೇ ಇದ್ದ ಸಂಪಿನೊಳಗೆ ಗಾಳಿ ಕೆಟ್ಟಿತ್ತು. ಇಳಿದವನು ಮತ್ತೆ ಹತ್ತಲಿಲ್ಲ. ಸಂಜೆ ನಾನು ಬ್ಯಾಂಕಿನಿಂದ ಬರುವಾಗ ದೇಹವನ್ನು ಆಗಲೇ ಆಸ್ಪತ್ರೆಗೆ ಸಾಗಿಸಿದ್ದರು. ಸೆಲ್ವಿ ಸಂಪಿನ ಬಾಯಿಯ ಪಕ್ಕ ಕೂತಿದ್ದಳು, ಅಳು ಕೂಡ ಬಂದಿರಲಿಲ್ಲ.

ಕಟ್ಟಡದ ಸಂಘದ ಅಧ್ಯಕ್ಷರು, ನಿವೃತ್ತ ಅಧಿಕಾರಿ, ಎಲ್ಲರನ್ನೂ ಸೇರಿಸಿ ಹೇಳಿದ್ದು ಇಷ್ಟು: "ನಾನು ದೇವಸ್ಥಾನಕ್ಕೆ ಹೋಗಿದ್ದೆ. ಇವನಿಗೆ ಇಳಿ ಎಂದು ಯಾರೂ ಹೇಳಿಲ್ಲ. ಮೋಟರ್ ಬಿಚ್ಚಿ ತಾಮ್ರದ ತಂತಿ ಮಾರಿಕೊಳ್ಳಲು ಇಳಿದಿದ್ದಾನೆ." ಸತ್ತವನನ್ನು ಒಂದೇ ದಿನದಲ್ಲಿ ಕಳ್ಳನನ್ನಾಗಿ ಮಾಡಿದರು. ಆದರೆ ಸಂಪಿನ ಎದುರಿಗೇ ಒಂದು ಕ್ಯಾಮೆರಾ ಇತ್ತು. ಯಾರು ಹೇಳಿದ್ದು, ಯಾರು ಇಳಿದದ್ದು ಎಲ್ಲ ಅದರಲ್ಲಿ ಇರಲೇಬೇಕು.

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ವ್ಯಾಸು ಸಂಘದ ಕೋಣೆಯಲ್ಲಿ ಹಾರ್ಡ್ ಡಿಸ್ಕನ್ನು ಪೇಪರಿನಲ್ಲಿ ಸುತ್ತುತ್ತಿದ್ದರು. ಪಕ್ಕದಲ್ಲಿ ಅಧ್ಯಕ್ಷರು ನಿಂತಿದ್ದರು. "ಏನಾಯ್ತು ವ್ಯಾಸು?" ಎಂದೆ. "ಡಿಸ್ಕ್ ಬದಲಾಯಿಸೋಕೆ ಹೇಳಿದ್ರು ಮೇಡಂ" ಎಂದು ತಲೆ ಎತ್ತದೆ ಉತ್ತರಿಸಿ, ಪೊಟ್ಟಣವನ್ನು ಎಂದಿನಂತೆ ಅಧ್ಯಕ್ಷರ ಕೈಗಿತ್ತರು. ಪೊಲೀಸರು ಬಂದದ್ದು ಮಧ್ಯಾಹ್ನ. ಡಿಸ್ಕ್ ಹೋದ ವಾರವೇ ಕೆಟ್ಟಿತ್ತು, ಗುಜರಿಗೆ ಹಾಕಿದೆವು ಎಂದು ಅಧ್ಯಕ್ಷರು ಹೇಳಿ ಕೈ ತೊಳೆದುಕೊಂಡರು.

ಸೆಲ್ವಿಯನ್ನು ವ್ಯಾಸು ಮನೆಗೆ ಕರೆದುಕೊಂಡು ಹೋದವಳು ನಾನೇ. ಶಾಲೆಯಲ್ಲಿ ಮಗಳನ್ನು "ಮೋಟರ್ ತಿರುಡನ್ ಮಗಳು", ಕಳ್ಳನ ಮಗಳು, ಎಂದು ಕರೆಯತೊಡಗಿದ್ದರು. ಮಗು ಶಾಲೆಗೆ ಹೋಗೆನೆಂದು ಹಟ ಹಿಡಿದಿತ್ತು. ಸೆಲ್ವಿಗೆ ಬೇಕಿದ್ದದ್ದು ಒಂದೇ, ತನ್ನ ಗಂಡ ಕಳ್ಳನಲ್ಲ ಎಂದು ಯಾರಾದರೂ ಠಾಣೆಯಲ್ಲಿ ಹೇಳಬೇಕು. ವ್ಯಾಸು ಅಂಗಿ ಹಾಕಿಕೊಂಡು ನಮ್ಮ ಜೊತೆ ಹೊರಟರು. ಆ ಕ್ಷಣ ಅವರ ಬಗ್ಗೆ ನನಗೆ ಹೆಮ್ಮೆಯೆನಿಸಿತು.

ಠಾಣೆಯಲ್ಲಿ ಅವರು ನಿಂತೇ ಹೇಳಿದರು: "ಡಿಸ್ಕ್ ಕೆಟ್ಟಿರಲಿಲ್ಲ ಸಾರ್. ನಾನು ಬಿಚ್ಚಿದ್ದು ಚೆನ್ನಾಗಿರೋ ಡಿಸ್ಕ್. ಅದೂ ಹೋದ ವಾರ ಅಲ್ಲ, ಅವನು ಸತ್ತ ಮರುದಿನ."

ಇನ್ಸ್‌ಪೆಕ್ಟರ್ ಕೇಳಿದರು, "ಅದರಲ್ಲಿ ಏನಿತ್ತು, ನೋಡಿದೆಯಾ?"

"ನಾನು ನೋಡಲ್ಲ ಸಾರ್. ಕ್ರೋಂಪೇಟೆಯಲ್ಲಿ ಯಾರನ್ನ ಬೇಕಾದ್ರೂ ಕೇಳಿ."

ಸೆಲ್ವಿ ಅವರ ಕಾಲು ಹಿಡಿದಳು. "ನೋಡಿದೆ ಅಂತ ಒಂದು ಮಾತು ಹೇಳಿ ಅಣ್ಣಾ, ಒಂದೇ ಮಾತು" ಎಂದು ತಮಿಳಿನಲ್ಲಿ ಗೋಗರೆದಳು. ವ್ಯಾಸು ಗೋಡೆ ನೋಡುತ್ತ ನಿಂತರು. ಅದನ್ನು ಬಿಚ್ಚಿದ್ದು ಮರುದಿನವೇ, ನಾನೂ ಕಂಡೆ ಎಂದೆ. ಆದರೆ ಡಿಸ್ಕ್ ಚೆನ್ನಾಗಿತ್ತೋ ಕೆಟ್ಟಿತ್ತೋ ಎಂಬುದು ಅಧ್ಯಕ್ಷರ ಮಾತಿಗೆ ಇವನ ಮಾತು, ಒಳಗೇನಿತ್ತೆಂದು ಯಾರೂ ನೋಡಿಲ್ಲ, ಅದರಿಂದ ಏನೂ ಆಗುವುದಿಲ್ಲ ಎಂದು ಇನ್ಸ್‌ಪೆಕ್ಟರ್ ನಮ್ಮನ್ನು ಕಳಿಸಿಬಿಟ್ಟರು.

ದಾರಿಯಲ್ಲೇ ಅವರೊಡನೆ ಜಗಳ ಕಾದೆ. ಒಂದು ಸುಳ್ಳು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದೆ. "ನೋಡದ್ದನ್ನ ನೋಡಿದೆ ಅಂತ ಹೆಂಗೆ ಹೇಳೋದು ಮೇಡಂ?" ಎಂದರು. ಜಗಳ ಅಲ್ಲಿಗೇ ಬಿಟ್ಟೆ. ಮನೆಗೆ ಬಂದು ಅವರನ್ನು ಮನಸಾರೆ ಬೈದೆ. ಬೈಯುತ್ತಲೇ, ಇಷ್ಟು ನಿಷ್ಠೆಯ ಮನುಷ್ಯನನ್ನು ಬೈಯಬಾರದು ಎಂದೂ ಅಂದುಕೊಂಡೆ. ಸೆಲ್ವಿ ಮಗಳನ್ನು ಕರೆದುಕೊಂಡು ಗೇಟಿನ ಕೋಣೆ ಬಿಟ್ಟು ಹೋದಳು.

ಅಷ್ಟು ಹೇಳಿದ್ದೇ ವ್ಯಾಸುಗೆ ಮುಳುವಾಯಿತು. ಪೊಲೀಸರ ಹತ್ತಿರ ಹೋಗುವ ರಿಪೇರಿಯವನು ನಮಗೆ ಬೇಡ ಎಂದು ಒಂದೊಂದೇ ಸಂಘ ಅವರನ್ನು ಕರೆಯುವುದು ನಿಲ್ಲಿಸಿತು. ನಮ್ಮ ಅಧ್ಯಕ್ಷರು ಬಾಯಿ ಮುಚ್ಚಿಕೊಂಡಿರುವ ಪೈಕಿಯಲ್ಲವಲ್ಲ. ವ್ಯಾಸುಗೆ ಮೊದಲೇ ಸಕ್ಕರೆ ಕಾಯಿಲೆ. ಮನೆಯಲ್ಲಿ ಕೂತವರಿಗೆ ಕಾಲಿನ ಹುಣ್ಣು ಮಾಯಲಿಲ್ಲ. ಕೊನೆಗೆ ಕೀಲ್ಪಾಕಿನ ಆಸ್ಪತ್ರೆಗೆ ಸೇರಿಸಿ ಕಾಲು ತೆಗೆದರೆಂದು ಸುಧಾ ಫೋನು ಮಾಡಿದಾಗ ಓಡಿದೆ.

ವಾರ್ಡಿನಲ್ಲಿ ಅವರು ಗುರುತು ಸಿಗದಷ್ಟು ಇಳಿದುಹೋಗಿದ್ದರು. "ಸಾಪಾಡಾಯ್ತಾ ಮೇಡಂ?" ಎಂದು ನನ್ನ ಊಟ ವಿಚಾರಿಸಿದರು. ಸುಧಾ ಔಷಧಿ ತರಲು ಹೋದ ಮೇಲೆ ನನ್ನನ್ನು ಹತ್ತಿರ ಕರೆದರು.

"ಅವತ್ತು ನಾನು ನೋಡ್ದೆ ಮೇಡಂ."

ನನಗೆ ಅರ್ಥವಾಯಿತು. ಆದರೂ "ಏನು?" ಎಂದೆ.

"ಡಿಸ್ಕ್ ಕೆಟ್ಟಿದೆ ಅಂದ್ರು. ಕಿವಿ ಇಟ್ಟೆ, ಸದ್ದೇ ಇಲ್ಲ. ಚೆನ್ನಾಗಿರೋದನ್ನ ಯಾಕೆ ಬಿಚ್ಚಬೇಕು? ಅವರು ಫೋನು ಬಂತೂಂತ ಆಚೆ ಹೋದ್ರು. ಟೀವಿ ಕಡೆ ತಿರುಗಿಬಿಟ್ಟೆ. ಇಷ್ಟು ವರ್ಷದಲ್ಲಿ ಅದು ಒಂದು ತಡವೆದಾನ್, ಒಂದೇ ಸಲ. ಹಿಂದಿನ ದಿನದ್ದು ಹಾಕಿ ನೋಡ್ದೆ. ಪ್ರೆಸಿಡೆಂಟು ಸಂಪಿನ ಹತ್ರ ಟಾರ್ಚ್ ಹಿಡ್ಕೊಂಡು ನಿಂತಿದ್ರು. ಮುರುಗೇಶನ್ ಶರ್ಟು ಬಿಚ್ಚಿ, ಮಡಚಿ, ಅವರ ಕೈಯಲ್ಲಿ ಕೊಟ್ಟು ಇಳಿದ. ಕದಿಯೋಕೆ ಇಳಿಯೋನು ಪ್ರೆಸಿಡೆಂಟ್ ಕೈಲಿ ಶರ್ಟು ಕೊಟ್ಟು ಇಳೀತಾನಾ ಮೇಡಂ?"

"ಹಾಗಿದ್ದರೆ ಠಾಣೆಯಲ್ಲಿ ಯಾಕೆ ಹೇಳಲಿಲ್ಲ?" ಎಂದೆ.

"ನೋಡ್ದೆ ಅಂದಿದ್ರೆ ಯಾವ ಮನೆಯವರು ನನ್ನ ಒಳಗೆ ಬಿಡ್ತಿದ್ರು? ನಮ್ಮದೂ ನೋಡಿರ್ತಾನೆ ಅಂತ ಎಲ್ಲರಿಗೂ ಆಗಲ್ವಾ? ಇಬ್ಬರು ಹೆಣ್ಣುಮಕ್ಕಳು ಇದಾರೆ. ಡಿಸ್ಕ್ ಚೆನ್ನಾಗಿತ್ತು ಅಂದ್ರೆ ಸಾಕು, ಮಿಕ್ಕಿದ್ದು ಪೊಲೀಸರೇ ಹುಡುಕ್ತಾರೆ ಅಂದ್ಕೊಂಡೆ." ಅವರ ಕಣ್ಣಿನಿಂದ ನೀರು ಇಳಿದು ದಿಂಬಿಗೆ ಹೋಗುತ್ತಿತ್ತು. "ಆ ಸೆಲ್ವಿ ಅಮ್ಮಂಗೆ ನೀವು ಹೇಳ್ಬಿಡಿ. ನಾನು ಹೇಳಿದೆ ಅಂತಲೇ ಹೇಳಿ."

ನನ್ನ ಮೈಯೆಲ್ಲ ಉರಿಯಿತು. ಕಾಲು ಕಳೆದುಕೊಂಡು ಮಲಗಿರುವವರ ಮೇಲೆ ಕೂಗಾಡುವುದು ಹೇಗೆ? ನೋಡದ್ದನ್ನು ನೋಡಿದೆ ಅಂತ ಹೆಂಗೆ ಹೇಳೋದು ಎಂದು ನನ್ನ ಬಾಯಿ ಮುಚ್ಚಿಸಿದ್ದ ಮನುಷ್ಯ ಇವರೇ. ಅವರ ಕೈ ಹಿಡಿದುಕೊಳ್ಳಬೇಕೆಂದು ಸುಧಾ ವಾಪಸ್ ಬರುವ ತನಕ ಅಂದುಕೊಳ್ಳುತ್ತಲೇ ಇದ್ದೆ, ಹಿಡಿಯಲಾಗಲಿಲ್ಲ. ಅದೇ ವಾರ ಅವರು ತೀರಿಕೊಂಡರು. ಸಾವಿನ ಮನೆಗೆ ಬಂದವರು, ಕೆಲಸ ತಪ್ಪಿಸಿದ ಸಂಘದವರೂ ಸೇರಿ, ಅಂಥ ಸತ್ಯವಂತ ಇನ್ನು ಸಿಗುವುದಿಲ್ಲ ಎಂದು ಮಾತಾಡಿಕೊಂಡರು.

ಸೆಲ್ವಿ ಶೋಳಿಂಗನಲ್ಲೂರಿನಲ್ಲಿ, ಐಟಿ ಕಂಪನಿಗಳ ಹಿಂದಿನ ಒಂದು ಮೆಸ್ಸಿನಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆಂದು ವಿಚಾರಿಸಿಕೊಂಡು ಹೋದೆ. ಊಟದ ಹೊತ್ತು ಮುಗಿದು ತಟ್ಟೆಗಳು ರಾಶಿ ಬಿದ್ದಿದ್ದವು. ನನ್ನ ಹರಕು ತಮಿಳಿನಲ್ಲಿ ಎಲ್ಲವನ್ನೂ ಹೇಳಿದೆ: ಟಾರ್ಚು, ಮಡಚಿದ ಶರ್ಟು, ಅದನ್ನು ಹಿಡಿದುಕೊಂಡಿದ್ದ ಕೈ. ಅವಳು ನೀರಿನಿಂದ ಕೈ ತೆಗೆಯದೆ ಕೇಳಿಸಿಕೊಂಡಳು.

"ನನಗೆ ಗೊತ್ತಿರೋದನ್ನ ನನಗೇ ಯಾಕಮ್ಮಾ ಹೇಳ್ತೀರಿ? ಅವರು ಠಾಣೇಲಿ ಹೇಳಬೇಕಿತ್ತು" ಎಂದಳು.

ಅವರು ಹೋಗಿಬಿಟ್ಟರು ಸೆಲ್ವಿ, ಎಂದೆ.

"ನಮ್ಮವರೂ ಹೋದರು" ಎಂದು ಸೆಲ್ವಿ ಮುಂದಿನ ತಟ್ಟೆ ಎತ್ತಿಕೊಂಡಳು. "ನಮ್ಮವರು ಕಳ್ಳ ಅನ್ನಿಸಿಕೊಂಡು ಹೋದರು. ಅವರು ಒಳ್ಳೆಯವರು ಅನ್ನಿಸಿಕೊಂಡು ಹೋದರು."